ಬಾರಕ್ಕ, ಬಾಲಕ್

ನಮ್ಮ ಅಕ್ಕನದು ಜಾಣ ಕಿವುಡು ಎಂದು ಮನೆಯವರೆಲ್ಲ ಬಹಳ ಕಾಲ ನಂಬಿದ್ದೆವು. ಬೇಕಾದದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ ಎಂದು ಭಾವ ಊಟಕ್ಕೆ ಬಂದವರ ಮುಂದೆಲ್ಲ ಹಾಸ್ಯ ಮಾಡುತ್ತಿದ್ದರು. ಸ್ಟವ್ ಆಫ್ ಮಾಡು ಎಂದರೆ ತಿರುಗಿಯೂ ನೋಡದವಳು, ಬಾಲ್ಕನಿಯಲ್ಲಿ ನಾವು ಮೆಲ್ಲಗೆ ಆಡಿದ ಮಾತಿಗೆ ಒಳಗಿನಿಂದ ‘ಯಾರ ವಿಷಯ ಅದು’ ಎಂದು ಕೇಳಿದ್ದೂ ಉಂಟು. ಹಾಗಾಗಿ ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಬಲಗಿವಿ ಹೆಚ್ಚುಕಡಿಮೆ ಹೋಗಿದೆ, ಎಡಗಿವಿಯೂ ಅದೇ ದಾರಿ ಹಿಡಿದಿದೆ ಎಂದಾಗ ಭಾವನ ಮುಖ ನೋಡುವ ಹಾಗಿರಲಿಲ್ಲ. ಕೊನೆಗೆ ಅಕ್ಕನೇ ಅವರನ್ನು ಸಮಾಧಾನ ಮಾಡಬೇಕಾಯಿತು.

ನಾವಿಬ್ಬರೂ ಮೈಸೂರಿನವರು, ಇಬ್ಬರೂ ಸಿಂಗಾಪುರಕ್ಕೆ ಬಂದು ಬೇರೂರಿದವರು. ಅಕ್ಕ ದ್ವೀಪದ ಪೂರ್ವದ ತುದಿಯಲ್ಲಿ, ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಬ್ಯಾಂಕಿನ ಬ್ಯಾಕ್ ಆಫೀಸಿನಲ್ಲಿ. ನಾನು ಪಶ್ಚಿಮದಲ್ಲಿ, ಪಾಸಿರ್ ಪಂಜಾಂಗಿನ ಹಡಗು ಕಂಪನಿಯೊಂದರಲ್ಲಿ. ಯಾವ ಕಂಟೇನರು ಯಾವ ಹಡಗಿಗೆ ಎಂದು ಹೊಂದಿಸುವುದು ನನ್ನ ಕೆಲಸ. ಶನಿವಾರ ಬೆಳಿಗ್ಗೆ ಅಕ್ಕನ ಮನೆ ಹತ್ತಿರದ ತಿಂಡಿ ಅಂಗಡಿಗಳ ಸಾಲಿರುವ ಹಾಕರ್ ಸೆಂಟರಿನಲ್ಲಿ ಕಾಫಿ, ಪರೋಟದಂಥ ಪ್ರಾಟಾ ಮುಂದಿಟ್ಟುಕೊಂಡು ವಾರದ ಹರಟೆ ತೀರಿಸುವುದು ನಮ್ಮ ಪದ್ಧತಿ.

ಹರಟೆ ಎಂದರೆ ಅಕ್ಕ. ಬಸ್ ಸ್ಟಾಪಿನಲ್ಲಿ ಪಕ್ಕದಲ್ಲಿ ನಿಂತವರ ಮೊಮ್ಮಕ್ಕಳ ವಿಷಯ ಬಸ್ಸು ಬರುವುದರೊಳಗೆ ಅವಳಿಗೆ ಗೊತ್ತಾಗಿರುತ್ತದೆ. ನನಗೆ ಕೋಪ ಮೂಗಿನ ತುದಿಯಲ್ಲಿ. ಯಾರಾದರೂ ಮಾತು ಎಳೆದರೆ ವಾಚು ನೋಡುವವಳು ನಾನು. ಅವಳು ಹಾಗಲ್ಲ. ಪರರ ಕಥೆ ಎಂದರೆ ಹಪಾಹಪಿ. ಅಂಥವಳ ಕಿವಿಯೇ ಹೋಗಬೇಕೆ ಎಂದು ನಾನು ದೇವರ ಮೇಲೂ ಒಂದಿಷ್ಟು ರೇಗಿದ್ದೆ.

ಹಿಯರಿಂಗ್ ಏಡ್ ಬಂತು. ಹುಣಸೆ ಬೀಜದಷ್ಟು ಗಾತ್ರದವು, ಎರಡು ಕಿವಿಗೆ ಎರಡು. ಅದನ್ನು ಹೊಂದಿಸಿಕೊಟ್ಟ ಚೀನೀ ಹುಡುಗಿ ನಿಧಾನವಾಗಿ, ಅಕ್ಕನ ಮುಖ ನೋಡಿಕೊಂಡು ಹೇಳಿದ್ದಳು: ಮಿದುಳು ಎಷ್ಟೋ ಶಬ್ದಗಳನ್ನು ಮರೆತಿದೆ, ಅದಕ್ಕೆ ಮತ್ತೆ ಕಲಿಸಬೇಕು, ಮೊದಲು ನಿಶ್ಶಬ್ದವಾದ ಜಾಗದಲ್ಲಿ ಶುರು ಮಾಡಿ, ಆಮೇಲೆ ಗದ್ದಲಕ್ಕೆ ಹೋಗಿ. ಅಕ್ಕ ತಲೆಯಾಡಿಸಿದಳು. ಆದರೆ ಸಿಂಗಾಪುರದಲ್ಲಿ ನಿಶ್ಶಬ್ದದ ಜಾಗ ಯಾವುದು? ಅವಳ ಮನೆಯ ಎದುರು ಹೊಸ ಬ್ಲಾಕು ಏಳುತ್ತಿತ್ತು. ಹಿಂದೆ ಎಂಆರ್‌ಟಿ ಹಳಿ. ಕಿಟಕಿ ಮುಚ್ಚಿದರೆ ಏಸಿ, ತೆಗೆದರೆ ಹುಲ್ಲು ಕತ್ತರಿಸುವ ಯಂತ್ರ. ಮೇಲಿನ ಮನೆಯವರು ಕುರ್ಚಿ ಎಳೆಯುವುದಕ್ಕೆಂದೇ ಹುಟ್ಟಿದವರು. ಒಂದು ವಾರ ಹಾಕಿಕೊಂಡು ಅಕ್ಕ ಅದನ್ನು ಡಬ್ಬಿಗೆ ಸೇರಿಸಿದಳು.

“ಮಿಕ್ಸಿ ಒಳಗೆ ತಲೆ ಇಟ್ಟ ಹಾಗಿರುತ್ತೆ ಕಣೆ,” ಎಂದಳು. “ಎಲ್ಲಾ ಕೇಳುತ್ತೆ, ಮಾತು ಮಾತ್ರ ಕೇಳಲ್ಲ.”

ಆಮೇಲೆ ಒಂದು ಶನಿವಾರ ಅವಳು ಪ್ರಾಟಾ ಮುರಿಯದೆ ಕೂತಿದ್ದಳು. ಏನಾಯಿತು ಎಂದು ಕೇಳಿದೆ. ಕೇಳಿಸಲಿಲ್ಲ. ಕೈ ಮುಟ್ಟಿ ಮತ್ತೆ ಕೇಳಿದೆ.

“ಮೀಟಿಂಗ್‌ನಲ್ಲಿ ಎಲ್ಲಾ ನಕ್ಕಾಗ ನಾನೂ ನಗ್ತೀನಿ, ಏನೂ ಕೇಳಿಸದೇ ಇದ್ರೂ. ಅಭ್ಯಾಸ ಆಗ್ಬಿಟ್ಟಿದೆ. ಮೊನ್ನೆ ಪಕ್ಕದ ಸೀಟಿನವನು ನನ್ನ ಕಡೆ ತಿರುಗಿ ಏನೋ ಅಂದ. ನಕ್ಕೆ. ಅವನು ಹೇಳಿದ್ದು ಅವರಪ್ಪ ತೀರಿಕೊಂಡ್ರು ಅಂತ.”

ನಾನು ಕಾಫಿ ಲೋಟವನ್ನು ಅವಳ ಕಡೆಗೆ ಸರಿಸಿದೆ.

“ಪೇಪರ್ ಹಾಕ್ತೀನಿ. ಮನೇಲಿ ಇರ್ತೀನಿ. ಸಂಘದ ಪ್ರೋಗ್ರಾಂ, ಅವರ ಮನೆ ಇವರ ಮನೆ, ಯಾವುದೂ ಬೇಡ. ಯಾರ ಜೊತೆಗೂ ಮಾತಾಡದೇ ಇದ್ರೆ ಯಾರಿಗೂ ನೋವಾಗಲ್ಲ.”

ಕೆಲಸ ಬಿಡುವುದು ದೊಡ್ಡ ವಿಷಯವಲ್ಲ, ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇವಳು ಬಿಡುತ್ತೇನೆ ಎಂದದ್ದು ಜನರನ್ನೇ. ಮಾತು ಬಿಟ್ಟ ಅಕ್ಕನಲ್ಲಿ ಅಕ್ಕ ಎಷ್ಟು ಉಳಿಯುತ್ತಾಳೆ ಎಂದು ನನಗೆ ಭಯವಾಯಿತು. ಆ ಭಯದಲ್ಲೇ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಪೇಪರ್ ಆಮೇಲೆ ಹಾಕುವೆಯಂತೆ. ಮೊದಲು ನನ್ನ ಜೊತೆ ಮೊರಾಕೊಗೆ ಬಾ.”

ಮೊರಾಕೊ ನನ್ನ ಹಳೆಯ ಹುಚ್ಚು. ನಮ್ಮ ಹಡಗುಗಳಲ್ಲಿ ಕೆಲವು ಆಫ್ರಿಕಾದ ಉತ್ತರದ ತುದಿಯ ಟ್ಯಾಂಜಿಯರ್ ಬಂದರಿಗೆ ಹೋಗುತ್ತವೆ. ಅಲ್ಲಿಯ ಆಫೀಸಿನಿಂದ ಫೋನು ಮಾಡುವ ಹೆಂಗಸು, ನಮಗೆ ಸಂಜೆಯಾಗಿದ್ದಾಗ ಗುಡ್ ಮಾರ್ನಿಂಗ್ ಎನ್ನುತ್ತಾಳೆ. ಅವಳ ಹಿಂದೆ ಕಡಲಹಕ್ಕಿಗಳ ಗಲಾಟೆ ಕೇಳುತ್ತಿರುತ್ತದೆ. ನಾನು ಬೆರಳ ತುದಿಯಲ್ಲಿ ಎಷ್ಟೋ ಸಾಮಾನು ಕಳಿಸಿದ ಆ ದೇಶವನ್ನು ಒಮ್ಮೆ ಕಾಲಿನಲ್ಲಿ ಮುಟ್ಟಬೇಕು ಎಂದು ಆಸೆಯಿತ್ತು. ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಕೋಶ ಓದುವ ತಾಳ್ಮೆ ನನಗಿಲ್ಲ, ಸುತ್ತುವುದಾದರೂ ಆಗಲಿ.

ಭಾವನಿಗೆ ಮರಳೂ ಬೇಡ, ಒಂಟೆಯೂ ಬೇಡ. “ನೀವಿಬ್ಬರೂ ಹೋಗಿ ಬನ್ನಿ,” ಎಂದರು. ಹೊರಡುವ ದಿನ ಚಟ್ನಿಪುಡಿಯ ಪೊಟ್ಟಣದ ಜೊತೆಗೆ ಹಿಯರಿಂಗ್ ಏಡಿನ ಡಬ್ಬಿಯನ್ನೂ ಅಕ್ಕನ ಬ್ಯಾಗಿಗೆ ತುರುಕಿ, ನನಗೆ ಕಣ್ಣು ಮಿಟುಕಿಸಿದರು. ಅಕ್ಕ ನೋಡಿದಳು. ತೆಗೆಯಲಿಲ್ಲ. “ಅದರ ಸುದ್ದಿ ನೀನು ಎತ್ತಬಾರದು,” ಎಂದು ಮಾತ್ರ ನನ್ನಿಂದ ಭಾಷೆ ತೆಗೆದುಕೊಂಡಳು.

ಕಾಸಾಬ್ಲಾಂಕಾದಲ್ಲಿ ಇಳಿದು ಫೆಜ್ ನಗರಕ್ಕೆ ರೈಲು ಹತ್ತಿದೆವು. ಮೊರಾಕೊ ಎಂದರೆ ಮರಳು ಎಂದುಕೊಂಡು ಬಂದವರಿಗೆ ಕಿಟಕಿಯ ಹೊರಗೆ ಕಂಡದ್ದು ಹಸುರು. ಗೋಧಿ ಹೊಲ, ಅದರ ಬದುವಿನಲ್ಲಿ ಕೆಂಪು ಕಾಡುಹೂವು, ಪಾಪಾಸುಕಳ್ಳಿಯ ಬೇಲಿ, ಆಲಿವ್ ಮರಗಳ ಸಾಲು ಮುಗಿಯಿತು ಎನ್ನುವಾಗ ಇನ್ನೊಂದು ಸಾಲು. ಆಕಾಶ ಎಲ್ಲಿಂದ ಎಲ್ಲಿಗೂ ಇತ್ತು. ಸಿಂಗಾಪುರದಲ್ಲಿ ಆಕಾಶವನ್ನು ಕಟ್ಟಡಗಳ ನಡುವೆ ಹುಡುಕಿ ನೋಡಬೇಕು. ಇಲ್ಲಿ ಎಷ್ಟು ನೋಡಿದರೂ ಕಣ್ಣು ಎಲ್ಲಿಗೂ ತಾಗಲಿಲ್ಲ. ನಾವಿಬ್ಬರೂ ತಂದಿದ್ದ ತಿಂಡಿಯನ್ನು ಮರೆತು ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದೆವು.

ಎದುರಿನ ಸೀಟಿನಲ್ಲಿ ತಲೆಗೆ ಹೂವಿನ ವಸ್ತ್ರ ಕಟ್ಟಿದ ಅಜ್ಜಿ. ಕಿತ್ತಲೆ ಸುಲಿದು, ನನಗೆ ಒಂದು ತೊಳೆ, ಅಕ್ಕನಿಗೆ ಒಂದು ತೊಳೆ ಎಂದು ಹಂಚತೊಡಗಿದಳು. ಅಕ್ಕ ಚಟ್ನಿಪುಡಿ ತೆಗೆದು ಅವಳ ರೊಟ್ಟಿಯ ಮೇಲೆ ಉದುರಿಸಿದಳು. ಅಜ್ಜಿ ಅರಬ್ಬಿಯಲ್ಲಿ ಮಾತಾಡಿದಳು, ಅಕ್ಕ ಕನ್ನಡದಲ್ಲಿ ಉತ್ತರ ಕೊಟ್ಟಳು. ಅಜ್ಜಿ ಮಂಡಿ ತೋರಿಸಿದಳು. ಅಕ್ಕ ತನ್ನ ಸೊಂಟ ತೋರಿಸಿದಳು. ಒಬ್ಬರ ಮಾತು ಒಬ್ಬರಿಗೆ ಒಂದಕ್ಷರ ತಿಳಿಯದೆ ದಾರಿಯುದ್ದಕ್ಕೂ ಇಬ್ಬರೂ ಸಂಸಾರದ ಕಷ್ಟಸುಖ ಹೇಳಿಕೊಂಡರು. ಅಕ್ಕ ಹಾಗೆ ಬಾಯಿತುಂಬ ಮಾತಾಡಿ ಎಷ್ಟು ದಿನವಾಗಿತ್ತೋ.

ಇಳಿಯುವಾಗ ಹೇಳಿದಳು: “ಈ ದೇಶ ನಂಗೆ ಸರಿಹೋಯ್ತು ಕಣೆ. ಇಲ್ಲಿ ಯಾರು ಏನಂದ್ರೂ ನಿಂಗೂ ಅರ್ಥ ಆಗಲ್ಲ. ಇಲ್ಲಿ ನೀನೂ ನಾನೂ ಸಮ.”

ನಗುತ್ತಲೇ ಹೇಳಿದ್ದು. ನಾನು ಅವಳ ಬ್ಯಾಗನ್ನೂ ನನ್ನ ಹೆಗಲಿಗೆ ಹಾಕಿಕೊಂಡು ಇಳಿದೆ.

ಫೆಜ್‌ನ ಹಳೆಯ ಊರಿಗೆ ಮೆದೀನಾ ಎನ್ನುತ್ತಾರೆ. ನೀಲಿ ಹೆಂಚು ಕೂರಿಸಿದ ದೊಡ್ಡ ಬಾಗಿಲು ದಾಟಿದರೆ ಮುಂದೆ ಕಾರೂ ಇಲ್ಲ, ಆಟೋ ಸಹ ಇಲ್ಲ. ಬರೀ ಗಲ್ಲಿಗಳು. ಇಳಿಜಾರಾಗಿ, ಬಾಗಿ, ಒಂದರಿಂದ ಇನ್ನೊಂದು ಕವಲೊಡೆದು ಹೋಗುತ್ತವೆ. ಕೆಲವು ಕಡೆ ಎದುರಿನಿಂದ ಒಬ್ಬರು ಬಂದರೆ ನಾವು ಗೋಡೆಗೆ ಅಂಟಿಕೊಳ್ಳಬೇಕು. ನಮ್ಮ ಜೊತೆಗಿದ್ದ ಗೈಡು ಅದೇ ಊರಿನ ನಡುವಯಸ್ಸಿನ ಹೆಂಗಸು, ಇಂಗ್ಲಿಷನ್ನು ನಮಗಿಂತ ಚೊಕ್ಕಟವಾಗಿ ಆಡುತ್ತಿದ್ದಳು, ನಡೆಯುವುದರಲ್ಲಿ ನಮ್ಮಿಬ್ಬರನ್ನೂ ಸುಸ್ತು ಮಾಡುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದಳು: “ಇಲ್ಲಿ ನೀವು ಕಲಿಯಬೇಕಾದ್ದು ಒಂದೇ ಮಾತು. ಬಾಲಕ್. ಪಕ್ಕಕ್ಕೆ ಸರಿಯಿರಿ ಅಂತ. ಸಾಮಾನು ಹೊತ್ತ ಹೇಸರಗತ್ತೆ ಬರುತ್ತಿದೆ ಎಂದು ಅರ್ಥ. ಅದಕ್ಕೆ ಬ್ರೇಕ್ ಇಲ್ಲ.”

ನಾನು ನಕ್ಕೆ. ಕನ್ನಡದವರ ಕಿವಿಗೆ ಅದು ಯಾವನೋ ಬಾಲಕನನ್ನು ಕರೆದಂತೆ ಇತ್ತು. ಅಕ್ಕನೂ ನಕ್ಕು ತಲೆಯಾಡಿಸಿದಳು. ಎಲ್ಲದಕ್ಕೂ ಆಡಿಸುವ ತಲೆ ಅದು. ಅವಳ ಕಣ್ಣು ಆಗಲೇ ಬಾಗಿಲಿನ ಹೆಂಚಿನ ಮೇಲಿತ್ತು.

ಆ ಊರನ್ನು ಹೇಗೆ ಹೇಳಲಿ? ಒಂದು ಗಲ್ಲಿಯಲ್ಲಿ ಬರೀ ಚಪ್ಪಲಿ, ಹಳದಿ ಚಪ್ಪಲಿ. ಮುಂದಿನದರಲ್ಲಿ ಮರಗೆಲಸ, ಸೀಡರ್ ಮರದ ಪರಿಮಳ. ಒಂದು ಅಂಗಡಿಯ ಹಂಚಿನ ಮೇಲೆ ಮಡಿಕೆ ಮಡಿಕೆಯಾಗಿ ಬೇಯುತ್ತಿದ್ದ ರೊಟ್ಟಿಯನ್ನು ನೋಡಿ ಅಕ್ಕ “ಅಯ್ಯೋ, ನಮ್ಮ ಪ್ರಾಟಾ ನಮಗಿಂತ ಮೊದಲೇ ಬಂದು ಕೂತಿದೆ,” ಎಂದಳು. ಪಕ್ಕದಲ್ಲಿ ಒಣ ಅವರೆಯಂಥ ಕಾಳನ್ನು ಅರೆದು, ಜೀರಿಗೆ, ಎಣ್ಣೆ ಹಾಕಿ ಕೊಡುವ ಬಿಸಿ ಸಾರು. ಎರಡೆರಡು ಬಟ್ಟಲು ಕುಡಿದೆವು. ಒಂದು ಹಳೆಯ ಪಾಠಶಾಲೆಯ ಅಂಗಳಕ್ಕೆ ಕಾಲಿಟ್ಟಾಗ ಮಾತ್ರ ಇಬ್ಬರೂ ಕತ್ತೆತ್ತಿ ನಿಂತುಬಿಟ್ಟೆವು. ನೆಲದಿಂದ ಸೂರಿನವರೆಗೆ ಬೆರಳಗಲದ ಜಾಗವನ್ನೂ ಬಿಡದೆ ಕೆತ್ತಿದ್ದರು. ಕೆಳಗೆ ಬಣ್ಣದ ಹೆಂಚಿನ ಚೂರುಗಳು, ನಡುವೆ ಗಾರೆಯಲ್ಲಿ ಬಿಡಿಸಿದ ಬಳ್ಳಿ, ಮೇಲೆ ಕಪ್ಪಾದ ಮರ. ನಮ್ಮ ಬೇಲೂರು ನೋಡಿ ಬೆಳೆದ ನನಗೆ, ಕಲ್ಲಿಲ್ಲದೆ, ಒಂದೇ ಒಂದು ಮನುಷ್ಯಾಕೃತಿಯೂ ಇಲ್ಲದೆ, ಬರೀ ಗೆರೆಯಿಂದ ಹೀಗೆ ಮಾಡಬಹುದು ಎಂದು ಗೊತ್ತಿರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು. ಯಾರಾದರೂ ಏನಾದರೂ ಅಂದುಕೊಂಡಾರು ಎಂದು ಸುಮ್ಮನಾದೆ. ಅಕ್ಕ ಮುಗಿದೇಬಿಟ್ಟಳು.

ಕಂಚುಗಾರರ ಚೌಕದಲ್ಲಿ ಸುತ್ತಿಗೆಯ ಪೆಟ್ಟು ಕಿವಿ ಒಡೆಯುವಂತಿತ್ತು. ನಾನು ಕಿವಿ ಮುಚ್ಚಿಕೊಂಡೆ. ಅಕ್ಕ ಒಂದು ದೊಡ್ಡ ತಾಮ್ರದ ಹಂಡೆಯ ಮೇಲೆ ಅಂಗೈ ಇಟ್ಟು ನಿಂತಳು. ಪೆಟ್ಟು ಬಿದ್ದಾಗಲೆಲ್ಲ ಅವಳ ಮುಖ ಅರಳುತ್ತಿತ್ತು. ಹಂಡೆಯವನು ಅದನ್ನು ನೋಡಿ, ಬೇಕೆಂದೇ ಇನ್ನೂ ನಾಲ್ಕು ಪೆಟ್ಟು ಹಾಕಿದ.

ಅಲ್ಲಿಂದ ಹೊರಟು ಇಳಿಜಾರಿನ ಗಲ್ಲಿ ಹಿಡಿದೆವು. ಗೈಡೂ ನಾನೂ ಮುಂದಿದ್ದೆವು. ಅಕ್ಕ ಹಿಂದೆ ಮಸಾಲೆ ಅಂಗಡಿಯ ಮುಂದೆ ನಿಂತುಬಿಟ್ಟಿದ್ದಳು. ಹಾಗೆ ಹಿಂದೆ ಉಳಿಯುವುದು ಅವಳ ಹುಟ್ಟುಗುಣ. ಚಿಕ್ಕವರಿದ್ದಾಗ ಸ್ಕೂಲಿಗೆ ಹೊರಟರೆ ದಾರಿಯಲ್ಲಿ ಕಂಡ ಬೋರ್ಡನ್ನೆಲ್ಲ ಓದುತ್ತಾ ನಿಲ್ಲುತ್ತಿದ್ದಳು. ನಾನು ಮುಂದೆ ಹೋಗಿ, ತಿರುಗಿ, ‘ಬಾ’ ಎಳೆದು, ‘ರಕ್ಕ’ವನ್ನು ಕುಕ್ಕಿ ಕೂಗುತ್ತಿದ್ದೆ: ಬಾರಕ್ಕ. ತಂಗಿಯಾದ ನಾನು ಅಕ್ಕನನ್ನು ಹೊಡೆದುಕೊಂಡು ಹೋಗುವುದನ್ನು ನೋಡಿ ಬೀದಿಯವರು ನಗುತ್ತಿದ್ದರು. ಸಿಂಗಾಪುರದ ಮಾಲುಗಳಲ್ಲೂ ಅದೇ ರಾಗದಲ್ಲಿ ಕೂಗಿದ್ದೇನೆ.

ಈಗಲೂ ಕೂಗೋಣ ಎಂದು ತಿರುಗಿದೆ. ಬಾಯಿ ತೆರೆಯುವ ಮೊದಲೇ ಮೇಲಿನ ತಿರುವಿನಿಂದ ಇನ್ಯಾರದೋ ಕೂಗು ಬಂತು. ಬಾಲಕ್, ಬಾಲಕ್. ಗ್ಯಾಸ್ ಸಿಲಿಂಡರುಗಳನ್ನು ಎರಡು ಪಕ್ಕೆಗೂ ಕಟ್ಟಿದ ಹೇಸರಗತ್ತೆ, ಇಳಿಜಾರಿನ ವೇಗಕ್ಕೆ ಸಿಕ್ಕಿ ಬರುತ್ತಿತ್ತು. ಅದರ ಹಿಂದೆ ಕೂಗುತ್ತ ಓಡಿಬರುತ್ತಿದ್ದ ಅದರ ಒಡೆಯ. ಗಲ್ಲಿಯ ಜನ ನೋಡದೆಯೇ ಗೋಡೆಗೆ ಸರಿದರು.

ಅಕ್ಕ ತಲೆ ಎತ್ತಿದಳು. ಅವಳ ಮುಖ ಬೆಳಗಿದ್ದನ್ನು ನಾನು ಕಂಡೆ. ಗಲ್ಲಿಯ ನಡುವಿಗೆ ಬಂದು, ಆ ಕೂಗು ಬಂದ ಕಡೆಗೆ, ಹೇಸರಗತ್ತೆಗೆ ಎದುರಾಗಿ ಸರಸರ ನಡೆದಳು. “ಬಂದೆ, ಬಂದೆ ಕಣೆ,” ಎನ್ನುತ್ತಿದ್ದಳು.

ನಾನು ಕಿರುಚಿದೆ. ಅದು ಅವಳಿಗೆ ಕೇಳುವುದಿಲ್ಲ ಎಂದು ಕಿರುಚುವಾಗಲೇ ಗೊತ್ತಿತ್ತು. ಮಸಾಲೆ ಅಂಗಡಿಯವನು ಹಲಗೆಯ ಮೇಲಿಂದ ಬಾಗಿ ಅವಳ ರಟ್ಟೆ ಹಿಡಿದು ಒಳಕ್ಕೆ ಎಳೆದ. ಸಿಲಿಂಡರು ಹಲಗೆಯ ಅಂಚನ್ನು ಸವರಿಕೊಂಡು ಹೋಯಿತು. ಒಣಗಿದ ಗುಲಾಬಿ ಮೊಗ್ಗಿನ ಚೀಲ ಉರುಳಿ ಗಲ್ಲಿಯೆಲ್ಲ ಗುಲಾಬಿಯಾಯಿತು.

ನಾನು ಓಡಿಹೋದಾಗ ಅಕ್ಕ ಮಸಾಲೆ ಚೀಲಗಳ ನಡುವೆ, ಮೈಮೇಲೆಲ್ಲ ಜೀರಿಗೆ ಪುಡಿ ಹಚ್ಚಿಕೊಂಡು ಕೂತಿದ್ದಳು. ಒಂದು ತರಚು ಗಾಯವೂ ಇರಲಿಲ್ಲ. ಹೇಸರಗತ್ತೆಯವನು ಪ್ರಾಣಿಯನ್ನು ಹೇಗೋ ನಿಲ್ಲಿಸಿ ವಾಪಸು ಬಂದು ಕೈ ಬೀಸಿ ಬೈಯುತ್ತಿದ್ದ. ಬೈಯಬೇಕಾದ್ದೇ.

“ಯಾಕೆ ಅಷ್ಟು ಕೋಪ ಅವನಿಗೆ?” ಎಂದಳು ಅಕ್ಕ. ಆಮೇಲೆ, “ನೀನು ಕೆಳಗಿಂದ ಓಡಿ ಬಂದೆಯಲ್ಲ. ಮೇಲಿನ ತಿರುವಿನಿಂದ ಕರೆದೆಯಲ್ಲ?”

“ನಾನೆಲ್ಲಿ ಕರೆದೆ?”

“ಬಾರಕ್ಕ ಅಂದೆಯಲ್ಲ. ಎರಡು ಸಲ.”

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಒಟ್ಟಿಗೆ ಮಾಡುತ್ತ ಗೈಡಿಗೆ ವಿವರಿಸಿದೆ: ನಮ್ಮ ಭಾಷೆಯಲ್ಲಿ ಬಾರಕ್ಕ ಎಂದರೆ ಬಾ, ಅಕ್ಕ ಎಂದು. ಅವಳು ಅದನ್ನು ಅರಬ್ಬಿಯಲ್ಲಿ ಹೇಳಿದಳು. ಬೈಯುತ್ತಿದ್ದವನು ಅರ್ಧಕ್ಕೇ ನಿಂತ. ಎದೆಯ ಮೇಲೆ ಕೈ ಇಟ್ಟುಕೊಂಡು ಅಕ್ಕನಿಗೆ ತಲೆ ಬಾಗಿದ. ಅಷ್ಟರಲ್ಲಿ ಸುದ್ದಿ ಅಂಗಡಿಯಿಂದ ಅಂಗಡಿಗೆ ಹೋಗಿತ್ತು. ಬಾಲಕ್ ಎಂದರೆ ಪಕ್ಕಕ್ಕೆ ಸರಿ, ಬಾರಕ್ಕ ಎಂದರೆ ಹತ್ತಿರ ಬಾ. ಗಲ್ಲಿಯವರು ಎರಡನ್ನೂ ಹೇಳಿ ನೋಡಿಕೊಂಡು ನಕ್ಕರು. ಗುಲಾಬಿ ಚೆಲ್ಲಿದ್ದಕ್ಕೆ ಏನೂ ಬೇಡ ಎಂದು ಅಂಗಡಿಯವನು ಪುದೀನಾ ಹಾಕಿದ ಚಹಾ ತರಿಸಿಕೊಟ್ಟ. ಪ್ರಾಣ ಉಳಿಸಿದವನೇ ಉಪಚಾರವನ್ನೂ ಮಾಡಿದ. ಆ ಊರಿನ ಮೇಲೆ ನನಗೆ ಹುಟ್ಟಿದ ಗೌರವ ಕೆತ್ತನೆಗಿಂತ ಹೆಚ್ಚು ಆ ಚಹಾದಿಂದ.

ಅಕ್ಕ ಮಾತ್ರ ನಗಲಿಲ್ಲ. ರೂಮಿಗೆ ಬಂದ ಮೇಲೆ ಹೇಳಿದಳು: “ಅರ್ಧಂಬರ್ಧ ಕೇಳಿಸ್ತು ಅಂತಲ್ಲ ಕಣೆ. ನಿನ್ನ ದನೀನೇ ಕೇಳಿಸ್ತು. ಚಿಕ್ಕವಳಿದ್ದಾಗಿನ ದನಿ. ಇನ್ಮೇಲೆ ಕೇಳಿಸಿದ್ದನ್ನೂ ನಂಬೋ ಹಾಗಿಲ್ಲ ಅಂದ್ರೆ ನಾನೇನು ಮಾಡ್ಲಿ?”

ಕಿವಿ ಕೊಟ್ಟಿದ್ದು ಚೂರು, ಉಳಿದದ್ದನ್ನು ಅವಳ ಮನಸ್ಸು ತುಂಬಿಕೊಂಡಿತ್ತು. ತುಂಬಲು ಅದು ಆರಿಸಿಕೊಂಡದ್ದು ನನ್ನ ದನಿಯನ್ನು. ಇದನ್ನು ನಾನು ಹೇಳಬೇಕೆಂದಿದ್ದೆ. ಹೇಳುವ ಬದಲು ಅವಳ ಕೂದಲಿನಿಂದ ಜೀರಿಗೆ ಪುಡಿ ಕೊಡವಿದೆ. ಡಬ್ಬಿಯ ಸುದ್ದಿ ಎತ್ತುವುದಿಲ್ಲ ಎಂದು ಭಾಷೆ ಬೇರೆ ಕೊಟ್ಟಿದ್ದೆ.

ಮರುದಿನ ಮರುಭೂಮಿಯ ಕಡೆಗೆ ಹೊರಟೆವು. ದಿನವಿಡೀ ದಾರಿ. ಸೀಡರ್ ಕಾಡು, ಕಾಡಿನಂಚಿನಲ್ಲಿ ಕೋತಿಗಳು, ಬೆಟ್ಟದ ತಲೆಯ ಮೇಲೆ ಹಿಮ. ಆಫ್ರಿಕಾದಲ್ಲಿ ಹಿಮ ಎಂದರೆ ಭಾವ ನಂಬುವುದಿಲ್ಲ ಎಂದು ಫೋಟೋ ತೆಗೆದೆ. ಬೆಟ್ಟ ಇಳಿದಂತೆ ಬಣ್ಣ ಬದಲಾಯಿತು. ಕೆಂಪು ಬಂಡೆಗಳ ಕಣಿವೆ, ಅದರ ತಳದಲ್ಲಿ ನದಿಯ ಉದ್ದಕ್ಕೂ ಖರ್ಜೂರದ ತೋಪು. ಆಮೇಲೆ ಬರೀ ಕಲ್ಲು. ಆಮೇಲೆ, ಯಾರೋ ಗೆರೆ ಎಳೆದ ಹಾಗೆ, ಮರಳು ಶುರುವಾಯಿತು. ಸಂಜೆಯ ಬಿಸಿಲಿಗೆ ಮರಳಿನ ಗುಡ್ಡಗಳು ಕೇಸರಿಭಾತಿನ ಬಣ್ಣಕ್ಕೆ ತಿರುಗಿದ್ದವು. ಅಕ್ಕ ದಾರಿಯುದ್ದಕ್ಕೂ ಹೆಚ್ಚು ಮಾತಾಡಿರಲಿಲ್ಲ. ಅಲ್ಲಿಂದ ಮುಂದೆ ಒಂಟೆಯ ಮೇಲೆ ಹೋದೆವು. ಡೇರೆಗಳ ಬಿಡಾರ ತಲುಪಿ, ಉಂಡು ಮಲಗಿದೆವು.

ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು. ಅಕ್ಕನ ಹಾಸಿಗೆ ಖಾಲಿ. ಶಾಲು ಹೊದ್ದು ಹೊರಗೆ ಬಂದೆ.

ಹೊರಗೆ ಏನೂ ಇರಲಿಲ್ಲ. ಇದನ್ನು ಹೇಗೆ ಹೇಳಬೇಕೋ ಇಂದಿಗೂ ನನಗೆ ತಿಳಿಯದು. ಮರಳಿನ ಅಲೆ, ಅದರಾಚೆ ಅಲೆ, ಅದರಾಚೆ ನಸುಕೆಂಪು ಆಕಾಶ, ಅಷ್ಟೇ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ನೋಟವಲ್ಲ. ಸದ್ದಿಲ್ಲದಿರುವುದು. ಹಕ್ಕಿ ಇಲ್ಲ, ಎಲೆ ಇಲ್ಲ, ನೀರಿಲ್ಲ, ಯಂತ್ರವಿಲ್ಲ. ಗಾಳಿಯೂ ನಿಂತಿತ್ತು. ಹುಟ್ಟಿದಾಗಿನಿಂದ ಯಾವುದೋ ಒಂದು ಮೋಟಾರು ಎಲ್ಲೋ ಓಡುತ್ತಲೇ ಇತ್ತು, ಅದನ್ನು ಯಾರೋ ಈಗ ಆರಿಸಿದ್ದಾರೆ ಅನ್ನಿಸಿತು. ನನ್ನ ಉಸಿರು ನನಗೇ ದೊಡ್ಡದಾಗಿ ಕೇಳಿ, ಅಪಚಾರ ಮಾಡುತ್ತಿದ್ದೇನೇನೋ ಎಂದು ಸಂಕೋಚವಾಯಿತು.

ಅಕ್ಕ ದೂರದ ದಿಬ್ಬದ ಏಣಿನ ಮೇಲೆ, ಆ ಕಡೆ ಮುಖ ಮಾಡಿ ಕೂತಿದ್ದಳು. ಇಲ್ಲಿಂದ ಅಂಗೈಯಷ್ಟು ಕಾಣುತ್ತಿದ್ದಳು. ಮನೆಯ ಮೂಲೆ ಸೇರುತ್ತೇನೆ ಎಂದದ್ದನ್ನು ಇಲ್ಲಿಯೇ ಅಭ್ಯಾಸ ಮಾಡುತ್ತಿದ್ದಾಳೆಯೇ ಎಂದುಕೊಂಡೆ. ಅಲ್ಲಿ ಕಿರುಚಲು ಮನಸ್ಸು ಬರಲಿಲ್ಲ, ಕಿರುಚಿದರೂ ಕೇಳುವುದಿಲ್ಲ. ನನಗೆ ನಾನೇ ಹೇಳಿಕೊಂಡ ಹಾಗೆ, ಮೆಲ್ಲಗೆ, ಆದರೆ ಅದೇ ರಾಗದಲ್ಲಿ ಅಂದೆ: “ಬಾರಕ್ಕ.”

ಅಕ್ಕ ತಿರುಗಿದಳು.

ಕೈ ಎತ್ತಿ, ಬೆರಳಿಂದ ಕಿವಿಯನ್ನು ಮುಟ್ಟಿ ತೋರಿಸಿದಳು. ನಾನು ಮರಳಲ್ಲಿ ಬಿದ್ದು ಎದ್ದು ದಿಬ್ಬ ಹತ್ತಿದೆ. ಎರಡು ಕಿವಿಗಳಲ್ಲೂ ಹುಣಸೆ ಬೀಜಗಳು ಕೂತಿದ್ದವು. ಕೆನ್ನೆ ಒದ್ದೆಯಾಗಿತ್ತು.

“ಏದುಸಿರು ಬಿಡ್ತಾ ಬಂದೆಯಲ್ಲ, ಅಲ್ಲಿಂದಲೇ ಕೇಳ್ತು,” ಎಂದಳು. “ಆ ಹುಡುಗಿ ಹೇಳಿದ್ಳಲ್ಲ, ಸದ್ದಿಲ್ಲದ ಜಾಗದಲ್ಲಿ ಶುರು ಮಾಡಿ ಅಂತ. ಸಿಂಗಾಪುರದಲ್ಲಿ ಎಲ್ಲಿದೆ ಅಂಥ ಜಾಗ ಅಂತ ಬೈಕೋತಿದ್ದೆ. ಇಲ್ಲಿದೆ ನೋಡು. ಕಾಲು ಸರಿಸು.”

ಸರಿಸಿದೆ. ಏಣಿನ ಅಂಚಿನಿಂದ ಮರಳು ಜಾರಿತು.

“ಇನ್ನೊಂದು ಸಲ. ಡಬ್ಬಕ್ಕೆ ರವೆ ಸುರಿದ ಹಾಗಿದೆ ಅಲ್ವಾ? ರವೆಗೆ ಸದ್ದಿತ್ತು ಅನ್ನೋದೇ ನಂಗೆ ಮರೆತುಹೋಗಿತ್ತು.”

ಸೂರ್ಯ ಏಳುವವರೆಗೂ ನಾನು ಅವಳಿಗಾಗಿ ಕಾಲಿಂದ ಮರಳು ಸುರಿದೆ. ಅವಳು ಕೇಳಿದಳು. ಅಷ್ಟರಲ್ಲಿ ಸಣ್ಣಗೆ ಗಾಳಿ ಎದ್ದಿತು. ಗುಡ್ಡದ ಬೆನ್ನಿನ ಮೇಲೆ ಮರಳಿನ ಕಣಗಳು ಹರಿದಾಡಿದವು. ಅದಕ್ಕೂ ಒಂದು ಸದ್ದು. ಅಕ್ಕ ಹೇಳಿದ ಮೇಲೆಯೇ ನನಗೆ ಕೇಳಿದ್ದು. ಕೆಳಗೆ ಒಂಟೆ ಮೆಲುಕು ಹಾಕಿತು. ಇಷ್ಟು ದೊಡ್ಡ ಲೋಕ ಇಷ್ಟು ಸಣ್ಣ ದನಿಯಲ್ಲಿ ಮಾತಾಡುತ್ತದೆ ಎಂದು ಇಬ್ಬರಿಗೂ ಮೊದಲ ಸಲ ತಿಳಿಯಿತು. ಬೆಳಕು ಒಂದು ಗುಡ್ಡದಿಂದ ಇನ್ನೊಂದಕ್ಕೆ ದಾಟುತ್ತ ಬಂದು ನಮ್ಮ ಕಾಲು ಮುಟ್ಟಿತು.

ಅಲ್ಲಿಂದ ಅವಳ ಪಾಠ ಶುರು. ಬಿಡಾರದವನು ಚಹಾವನ್ನು ಮೇಲಿಂದ ಸುರಿಯುವಾಗ ಆಗುವ ಸದ್ದು, ರೊಟ್ಟಿಯ ಅಂಚು ಮುರಿಯುವ ಸದ್ದು, ಜೀಪಿನ ಬಾಗಿಲು, ಖರ್ಜೂರದ ತೋಪಿನ ಹಕ್ಕಿ, ಸಂತೆಯ ಜನ, ರೈಲು, ಏರ್‌ಪೋರ್ಟು. ಪ್ರತಿಯೊಂದಕ್ಕೂ ನಿಂತು, “ಇದೇನು ಹೇಳು?” ಎಂದು ನನ್ನನ್ನು ಕೇಳುತ್ತಿದ್ದಳು. ನಾನು ರೇಗಲಿಲ್ಲ. ಮಧ್ಯೆ ಮಧ್ಯೆ ಸಾಕಾಗಿ ತೆಗೆದಿಡುತ್ತಿದ್ದಳು, ಮತ್ತೆ ಹಾಕುತ್ತಿದ್ದಳು.

ಸಿಂಗಾಪುರಕ್ಕೆ ಬಂದ ಮೇಲೆ ಆ ವಾರವೆಲ್ಲ ನಾನು ಫೋನು ಮಾಡಿ ಏನನ್ನೂ ಕೇಳಲಿಲ್ಲ. ಕೆಲಸಕ್ಕೆ ಹೋದಳು ಎಂದಷ್ಟೇ ಭಾವ ಹೇಳಿದ್ದರು. ಎದುರಿನ ಬ್ಲಾಕಿನ ಕೆಲಸ ನಡೆದೇ ಇತ್ತು, ಮೇಲಿನವರ ಕುರ್ಚಿಯೂ ಹಾಗೇ. ಮರಳುಗಾಡಿನ ಕಲಿಕೆ ಇಲ್ಲಿ ನಿಲ್ಲುತ್ತದೆಯೇ, ಪೇಪರ್ ಹಾಕಿಯೇಬಿಟ್ಟಳೇ ಎಂದು ನನ್ನ ಮನಸ್ಸು ಒಂದೇ ಸಮನೆ ಹೊಯ್ದಾಡುತ್ತಿತ್ತು.

ಶನಿವಾರ ಹಾಕರ್ ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಫಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆವು. ಅಕ್ಕನ ಕೂದಲು ಕಿವಿಯನ್ನು ಮುಚ್ಚಿತ್ತು, ಒಳಗೆ ಹುಣಸೆ ಬೀಜಗಳು ಇವೆಯೋ ಇಲ್ಲವೋ ಕಾಣುತ್ತಿರಲಿಲ್ಲ.

“ಪೇಪರ್ ಹಾಕಿದೆಯಾ?” ಎಂದು ಕೇಳಿಯೇಬಿಟ್ಟೆ.

ಅಕ್ಕ ಕಾಫಿ ಸೋಸುವವನನ್ನೇ ನೋಡುತ್ತಿದ್ದಳು. ಉತ್ತರವಿಲ್ಲ. ಸೇರಿಸಿಬಿಟ್ಟಿದ್ದಾಳೆ, ಮತ್ತೆ ಡಬ್ಬಿಗೆ ಸೇರಿಸಿಬಿಟ್ಟಿದ್ದಾಳೆ ಎಂದುಕೊಂಡೆ. ಅವಳ ಮುಂದೆ ಹೋಗಿ ನಿಂತು, ಕೈ ತಿರುಗಿಸುತ್ತ, ದನಿ ಏರಿಸಿ ಹೇಳತೊಡಗಿದೆ: ಅಷ್ಟು ದೂರ ಹೋಗಿ, ಅಷ್ಟು ಕಷ್ಟಪಟ್ಟು, ಒಂದೇ ವಾರಕ್ಕೆ...

ಅಕ್ಕ ನನ್ನ ಮೊಣಕೈ ಹಿಡಿದು ತನ್ನ ಕಡೆಗೆ ಜೋರಾಗಿ ಎಳೆದುಕೊಂಡಳು. ನನ್ನ ಬೆನ್ನ ಹಿಂದೆ, ನಾನು ನಿಂತಿದ್ದ ಜಾಗದಲ್ಲೇ, ತಟ್ಟೆಗಳ ಗೋಪುರ ಹೊತ್ತ ತಳ್ಳುಗಾಡಿ ಗಡಗಡ ಹೋಯಿತು. ತಳ್ಳುತ್ತಿದ್ದ ಆಂಟಿ “ಎಕ್ಸ್‌ಕ್ಯೂಸ್, ಎಕ್ಸ್‌ಕ್ಯೂಸ್” ಎಂದು ಕೂಗುತ್ತಲೇ ಬರುತ್ತಿದ್ದಳಂತೆ.

“ಬಾಲಕ್ ಕಣೆ,” ಎಂದಳು ಅಕ್ಕ.

ಆಮೇಲೆ ನನ್ನ ಕೈ ಬಿಡದೆ ಹೇಳಿದಳು: “ಪೇಪರ್ ಹಾಕಿಲ್ಲ. ಸೋಮವಾರದ ಮೀಟಿಂಗ್‌ನಲ್ಲಿ ಎಲ್ರಿಗೂ ಹೇಳ್ದೆ, ನಂಗೆ ಕಿವಿ ಸರಿಯಾಗಿ ಕೇಳಲ್ಲ, ನನ್ನ ಮುಖ ನೋಡಿ ಮಾತಾಡಿ ಅಂತ. ಅಪ್ಪನ್ನ ಕಳ್ಕೊಂಡನಲ್ಲ, ಅವನು ಈಗ ನನ್ನ ಎಡಗಡೆಗೆ, ಇನ್ನೂ ಕೇಳೋ ಕಿವಿ ಕಡೆಗೆ, ಬಂದು ಕೂತ್ಕೋತಾನೆ.”

“ಮತ್ತೆ ಆಗ ಕೇಳಿದಾಗ ಹೇಳೋಕೇನಾಗಿತ್ತು?”

“ಆಗಲೇ ಕೇಳಿಸ್ತು. ಕಾಫಿ ಬರಲಿ ಅಂತ ಸುಮ್ಮನಿದ್ದೆ.”

ಜಾಣ ಕಿವುಡು. ನಾನು ತಿರುಗಿ ನೋಡಿದೆ. ತಳ್ಳುಗಾಡಿಯ ಆಂಟಿ ಇನ್ನೂ ಕೂಗುತ್ತ, ಜನರನ್ನು ಸರಿಸುತ್ತ ಮೂಲೆಯವರೆಗೆ ಹೋಗಿದ್ದಳು. ಎರಡೂ ಕಿವಿ ನೆಟ್ಟಗಿರುವ ನನಗೆ ಅದು ಕೇಳಿಸಿರಲೇ ಇಲ್ಲ.